ಸೂಕ್ಷ್ಮ ಯಂತ್ರಗಳೂ ನಿಶ್ಚಲ ನೆಲೆಯೂ

ಒಂದು ನಾಡಿನ ವೈಜ್ಞಾನಿಕ ಪ್ರಗತಿಯನ್ನು ಅಲ್ಲಿರುವ ಯಂತ್ರಗಳಿಂದ ಅಳೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಇಂಥ ಸಂಸ್ಥೆಗೆ ಇಷ್ಟು ಕೋಟಿ ರೂಪಾಯಿ ಬೆಲೆಯ ಸೂಕ್ಷ್ಮದರ್ಶಕ ಬಂದಿತು, ಇಂಥ ಪ್ರಯೋಗಶಾಲೆಯಲ್ಲಿ ಪರಮಾಣುಗಳನ್ನೇ ಕಾಣಬಲ್ಲ ಉಪಕರಣವನ್ನು ಸ್ಥಾಪಿಸಲಾಯಿತು ಎಂಬ ವಾರ್ತೆಗಳನ್ನು ಪತ್ರಿಕೆಗಳಲ್ಲಿ ಓದಿ ನಾವು ಹೆಮ್ಮೆಪಡುತ್ತೇವೆ. ಹೆಮ್ಮೆಪಡತಕ್ಕ ವಿಷಯವೇ ಸರಿ. ಆದರೆ ಆ ಯಂತ್ರವು ನಿಂತಿರುವ ನೆಲ ಎಂಥದು, ಅದರ ಪಕ್ಕದಲ್ಲಿ ಯಾವ ರಸ್ತೆ ಹಾಯ್ದುಹೋಗಿದೆ, ಆ ನೆಲದ ನಡುಕವನ್ನು ಯಾರು, ಹೇಗೆ ತಡೆದಿದ್ದಾರೆ ಎಂದು ಕೇಳುವವರು ವಿರಳ. ಅತಿಸೂಕ್ಷ್ಮವಾದುದನ್ನು ನೋಡುವ ಯಂತ್ರಕ್ಕೆ ಕಣ್ಣು ಎಷ್ಟು ಮುಖ್ಯವೋ ಕಾಲೂರಿ ನಿಲ್ಲುವ ನೆಲೆಯೂ ಅಷ್ಟೇ ಮುಖ್ಯ. ಯಂತ್ರವನ್ನು ಹಣ ತೆತ್ತು ಹೊರಗಿನಿಂದ ತರಿಸಬಹುದು. ನಿಶ್ಚಲತೆಯನ್ನು ಹಾಗೆ ತರಿಸಲಾಗದು. ಅದನ್ನು ನಮ್ಮ ನೆಲದಲ್ಲಿ, ನಮ್ಮ ಕೈಯಿಂದ, ನಮ್ಮ ಬುದ್ಧಿಯಿಂದ ಸಂಪಾದಿಸಿಕೊಳ್ಳಬೇಕು. ಈ ಸಂಪಾದನೆಯ ವಿದ್ಯೆಗೆ ನಮ್ಮ ಶಿಕ್ಷಣದಲ್ಲಿಯೂ ನಮ್ಮ ಯೋಜನೆಗಳಲ್ಲಿಯೂ ತಕ್ಕ ಸ್ಥಾನ ದೊರೆತಿಲ್ಲವೆಂಬುದೇ ಈ ಲೇಖನದ ಅಭಿಪ್ರಾಯ.

ನಾವು ನಿಂತ ನೆಲ ಸ್ಥಿರವೆಂಬುದು ದಿನನಿತ್ಯದ ನಂಬಿಕೆ. ವಾಸ್ತವವಾಗಿ ಭೂಮಿಯ ಮೇಲ್ಮೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಬಾವಿಯ ಪಂಪು, ಹಿಟ್ಟಿನ ಗಿರಣಿ, ರಸ್ತೆಯ ಲಾರಿ, ಗಾಳಿಗೆ ತೂಗುವ ಮರದ ಬೇರು, ಮನೆಯೊಳಗೆ ನಡೆದಾಡುವ ಮನುಷ್ಯನ ಹೆಜ್ಜೆ, ಇವೆಲ್ಲವೂ ನೆಲವನ್ನು ನಡುಗಿಸುತ್ತಲೇ ಇರುತ್ತವೆ. ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ತೆರೆಗಳು ಎಬ್ಬಿಸುವ ನಿಧಾನವಾದ ಕಂಪನವು ಬಂಡೆಯೊಳಗಿಂದ ಹರಿದು ಒಳನಾಡನ್ನು ಮುಟ್ಟುತ್ತದೆ. ಒಂದೊಂದು ಏರಿಳಿತಕ್ಕೆ ಐದರಿಂದ ಹತ್ತು ಸೆಕೆಂಡು ಹಿಡಿಯುವ ಈ ನಡುಕದಲ್ಲಿ ನೆಲವು ಒಂದು ಮೈಕ್ರೋಮೀಟರಿನ ಆಸುಪಾಸಿನಲ್ಲಿ ಏರಿ ಇಳಿಯುತ್ತದೆ. ಮೈಕ್ರೋಮೀಟರ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ಶೃಂಗೇರಿ, ಕೊಪ್ಪ ಸೀಮೆಯಿಂದ ಕಡಲು ನೇರ ರೇಖೆಯಲ್ಲಿ ನೂರು ಕಿಲೋಮೀಟರಿಗಿಂತಲೂ ಹತ್ತಿರ. ಆಷಾಢದ ರಾತ್ರಿಯಲ್ಲಿ ಅಡ್ಡಗದ್ದೆಯ ಗದ್ದೆ ತೋಟಗಳು ಮಳೆಯ ಸದ್ದಿನ ಹೊರತು ನಿಶ್ಶಬ್ದವಾಗಿ ಮಲಗಿರುವಾಗಲೂ ಅವುಗಳ ಕೆಳಗಿನ ಬಂಡೆ ಕಡಲಿನ ಉಸಿರಾಟಕ್ಕೆ ತಕ್ಕಂತೆ ಮಿಡಿಯುತ್ತಿರುತ್ತದೆ. ನಮಗೆ ಅದು ಗೊತ್ತಾಗುವುದಿಲ್ಲ. ಸೂಕ್ಷ್ಮ ಯಂತ್ರಕ್ಕೆ ಗೊತ್ತಾಗುತ್ತದೆ.

ಎಷ್ಟು ಸೂಕ್ಷ್ಮವಾಗಿ ಗೊತ್ತಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. 1981ರಲ್ಲಿ ಜ್ಯೂರಿಕ್ ನಗರದ ಬಳಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಖ್ ರೋರರ್ ಎಂಬ ವಿಜ್ಞಾನಿಗಳು ಒಂದು ಹೊಸ ಬಗೆಯ ಸೂಕ್ಷ್ಮದರ್ಶಕವನ್ನು ರಚಿಸಿದರು. ಅದರಲ್ಲಿ ಮಸೂರವಿಲ್ಲ. ಬಹು ಚೂಪಾದ ಲೋಹದ ಮೊನೆಯೊಂದನ್ನು ಪರೀಕ್ಷಿಸಬೇಕಾದ ವಸ್ತುವಿನ ಸಮೀಪಕ್ಕೆ, ಕೆಲವೇ ಪರಮಾಣುಗಳ ಅಂತರಕ್ಕೆ ತಂದು ನಿಲ್ಲಿಸುತ್ತಾರೆ. ಆಗ ಎರಡರ ನಡುವೆ ಅತಿ ಅಲ್ಪವಾದ ವಿದ್ಯುತ್ತು ಹರಿಯುತ್ತದೆ. ಅಂತರವು ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲಿನಷ್ಟು ಬದಲಾದರೆ ಈ ವಿದ್ಯುತ್ತು ಸುಮಾರು ಹತ್ತು ಪಟ್ಟು ಬದಲಾಗುತ್ತದೆ. ಈ ಗುಣದಿಂದಲೇ ಒಂದೊಂದು ಪರಮಾಣುವಿನ ಉಬ್ಬುತಗ್ಗನ್ನು ಅದು ಗುರುತಿಸಬಲ್ಲದು. ಈ ಗುಣದಿಂದಲೇ ನೆಲದ ಸಣ್ಣ ನಡುಕವೂ ಅದರ ಚಿತ್ರವನ್ನು ಕಲಕಿಬಿಡುತ್ತದೆ. ಇದನ್ನು ಅರಿತ ಆ ವಿಜ್ಞಾನಿಗಳು ತಮ್ಮ ಮೊದಲ ಉಪಕರಣವನ್ನು ಕಾಂತಬಲದಿಂದ ನೆಲಕ್ಕೆ ತಾಗದಂತೆ ತೇಲಿಸಿ ಇಟ್ಟಿದ್ದರು. 1986ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅವರ ಶೋಧನೆಯಲ್ಲಿ ನೋಡುವ ವಿದ್ಯೆ ಎಷ್ಟಿತ್ತೋ ನಡುಕವನ್ನು ದೂರವಿಡುವ ವಿದ್ಯೆಯೂ ಅಷ್ಟೇ ಇತ್ತೆಂಬುದನ್ನು ನಾವು ಗಮನಿಸಬೇಕು.

ಕಂಪನವನ್ನು ಅಳೆಯಲು ಕಟ್ಟಡ ನಿರ್ಮಾಪಕರಲ್ಲಿ ಒಂದು ಮಾನದಂಡ ರೂಢಿಯಲ್ಲಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಎರಿಕ್ ಉಂಗರ್ ಮತ್ತು ಕಾಲಿನ್ ಗಾರ್ಡನ್ ಎಂಬ ತಜ್ಞರು ರೂಪಿಸಿದ ಈ ಕ್ರಮದಲ್ಲಿ ನೆಲವು ಎಷ್ಟು ವೇಗದಿಂದ ಅಲುಗುತ್ತದೆಂಬುದನ್ನು ಲೆಕ್ಕ ಹಾಕುತ್ತಾರೆ. ಕಚೇರಿಯ ಕೋಣೆಯಲ್ಲಿ ಸೆಕೆಂಡಿಗೆ 400 ಮೈಕ್ರೋಮೀಟರಿನಷ್ಟು ವೇಗವನ್ನು ಸಹಿಸಬಹುದು. ವಾಸದ ಮನೆಗೆ 200. ಶಸ್ತ್ರಚಿಕಿತ್ಸೆಯ ಕೋಣೆಗೆ 100. ಮನುಷ್ಯನ ಮೈಗೆ ನಡುಕವು ತಿಳಿಯುವುದು ಹೆಚ್ಚುಕಡಿಮೆ ಈ ಮಟ್ಟದವರೆಗೆ ಮಾತ್ರ. ಯಂತ್ರಗಳ ಲೋಕವು ಅಲ್ಲಿಂದ ಮುಂದೆ ಆರಂಭವಾಗುತ್ತದೆ. ಮಿತಿಯು 50ಕ್ಕೆ, 25ಕ್ಕೆ, ಹನ್ನೆರಡೂವರೆಗೆ, 6ಕ್ಕೆ, ಕೊನೆಗೆ 3ಕ್ಕೆ ಹೀಗೆ ಪ್ರತಿ ಮೆಟ್ಟಿಲಿನಲ್ಲಿಯೂ ಅರ್ಧವಾಗುತ್ತಾ ಇಳಿಯುತ್ತದೆ. ಅತ್ಯಂತ ಸೂಕ್ಷ್ಮವಾದ ಇಲೆಕ್ಟ್ರಾನ್ ಯಂತ್ರಗಳು ಬೇಡುವುದು ಈ ಕೊನೆಯ ಮೆಟ್ಟಿಲುಗಳನ್ನು. ಅಂದರೆ ನಮಗೆ ಪೂರ್ಣ ನಿಶ್ಚಲವೆಂದು ತೋರುವ ಕೋಣೆಯೂ ಈ ಯಂತ್ರಕ್ಕೆ ಮೂವತ್ತು ಪಟ್ಟು ಹೆಚ್ಚಾಗಿ ನಡುಗುವ ಕೋಣೆಯಾಗಿರಬಹುದು. ಯಂತ್ರವನ್ನು ಮಾರುವವರು ನೆಲದ ನಡುಕದ ಮಿತಿಯನ್ನು ಮೊದಲೇ ಬರೆದು ಕೊಡುತ್ತಾರೆ. ಮಿತಿಯನ್ನು ಮೀರಿದ ನೆಲದ ಮೇಲೆ ಯಂತ್ರವಿಟ್ಟವರಿಗೆ ಅದರ ಬೆಲೆಗೆ ತಕ್ಕ ಫಲ ದೊರೆಯುವುದಿಲ್ಲ.

ಹಾಗಾದರೆ ನಡುಕವನ್ನು ತಡೆಯುವ ಬಗೆ ಯಾವುದು? ಹಳೆಯದೂ ಸರಳವೂ ಆದ ಮಾರ್ಗವೆಂದರೆ ಯಂತ್ರವನ್ನು ಸ್ಪ್ರಿಂಗಿನ ಮೇಲೆ ಕೂರಿಸುವುದು ಅಥವಾ ಲೋಲಕದಂತೆ ತೂಗುಹಾಕುವುದು. ಇದರ ತತ್ತ್ವವನ್ನು ಯಾವ ವಿದ್ಯಾರ್ಥಿಯಾದರೂ ಮನೆಯಲ್ಲಿ ಪರೀಕ್ಷಿಸಬಹುದು. ಸುಮಾರು 25 ಸೆಂಟಿಮೀಟರ್ ಉದ್ದದ ದಾರಕ್ಕೆ ಒಂದು ಕಬ್ಬಿಣದ ನಟ್ಟನ್ನು ಕಟ್ಟಿ, ದಾರದ ಮೇಲ್ತುದಿಯನ್ನು ಕೈಯಲ್ಲಿ ಹಿಡಿದು ಬಹಳ ನಿಧಾನವಾಗಿ ಆಚೀಚೆ ಸರಿಸಿದರೆ ನಟ್ಟು ಕೈಯನ್ನೇ ಹಿಂಬಾಲಿಸುತ್ತದೆ. ಸೆಕೆಂಡಿಗೆ ಒಂದು ಬಾರಿಯಂತೆ ಸರಿಸಿದರೆ ನಟ್ಟು ಹುಚ್ಚೆದ್ದಂತೆ ತೂಗುತ್ತದೆ. ಕೈಯನ್ನು ಅದಕ್ಕಿಂತ ಬಹಳ ಬೇಗಬೇಗ ಅಲುಗಿಸಿದಾಗ ನಟ್ಟು ಇದ್ದಲ್ಲಿಯೇ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಮೂರನೆಯ ಸ್ಥಿತಿಯೇ ನಮಗೆ ಬೇಕಾದ ರಕ್ಷಣೆ. ಎರಡನೆಯದೇ ಅನುರಣನೆಯೆಂಬ ಅಪಾಯ. ಅಡಿಕೆಯ ಕೊನೆ ತೆಗೆಯುವವನು ಮರದ ತುದಿಯಲ್ಲಿದ್ದುಕೊಂಡು, ಮರದ ಸ್ವಂತ ತೂಗಾಟಕ್ಕೆ ಹೊಂದುವಂತೆ ಮೈಯನ್ನು ಮೆಲ್ಲನೆ ಒಲೆದು, ಪಕ್ಕದ ಮರವು ಕೈಗೆ ಎಟುಕುವಷ್ಟು ಅದನ್ನು ಬಾಗಿಸುವುದನ್ನು ನಮ್ಮ ಸೀಮೆಯ ಮಕ್ಕಳೆಲ್ಲ ಕಂಡಿದ್ದಾರೆ. ಹದವರಿತ ಸಣ್ಣ ತಳ್ಳುವಿಕೆಯೂ ದೊಡ್ಡ ತೂಗಾಟವಾಗುವುದು ಅಲ್ಲಿ ಉಪಕಾರಿ. ಪ್ರಯೋಗಶಾಲೆಯಲ್ಲಿ ಅದೇ ವಿನಾಶಕಾರಿ.

ಈ ಸರಳ ಮಾರ್ಗಕ್ಕೆ ಒಂದು ದೊಡ್ಡ ತೊಡಕುಂಟು. ತಡೆಯಬೇಕಾದ ನಡುಕವು ನಿಧಾನವಾದಷ್ಟೂ ಲೋಲಕವು ಉದ್ದವಾಗಬೇಕು. ಸೆಕೆಂಡಿಗೊಮ್ಮೆ ತೂಗುವ ಲೋಲಕಕ್ಕೆ 25 ಸೆಂಟಿಮೀಟರ್ ಸಾಕು. ಹತ್ತು ಸೆಕೆಂಡಿಗೊಮ್ಮೆ ತೂಗುವ ಲೋಲಕಕ್ಕೆ 25 ಮೀಟರ್ ಬೇಕು, ಎಂದರೆ ಎರಡು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ಸ್ಪ್ರಿಂಗಿನ ಲೆಕ್ಕವೂ ಹೀಗೆಯೇ: ಭಾರ ಹೇರಿದಾಗ ಅದು ಅಷ್ಟೇ ಉದ್ದ ಹಿಗ್ಗಬೇಕು. ಕಡಲಿನಿಂದ ಬರುವ ನಿಧಾನದ ನಡುಕವನ್ನು ಇಂಥ ಉಪಾಯದಿಂದ ತಡೆಯುವುದು ಕಾರ್ಯಸಾಧ್ಯವಲ್ಲ. ಆದುದರಿಂದ ವಿಜ್ಞಾನಿಗಳ ಮುಂದೆ ಎರಡು ದಾರಿಗಳು ಉಳಿಯುತ್ತವೆ. ಒಂದು, ಗದ್ದಲವಿಲ್ಲದ ನೆಲವನ್ನು ಹುಡುಕಿಕೊಂಡು ಹೋಗುವುದು. ಇನ್ನೊಂದು, ನಡುಗುವ ನೆಲದ ಮೇಲೆಯೇ ನಿಶ್ಚಲತೆಯನ್ನು ನಿರ್ಮಿಸಿಕೊಳ್ಳುವುದು.

ಮೊದಲನೆಯ ದಾರಿಗೆ ನಮ್ಮ ರಾಜ್ಯದಲ್ಲಿಯೇ ಶ್ರೇಷ್ಠವಾದ ನಿದರ್ಶನವಿದೆ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಗೌರಿಬಿದನೂರಿನ ಬಳಿ 1965ರಲ್ಲಿ ಭೂಕಂಪಮಾಪಕಗಳ ಒಂದು ಜಾಲವು ಸ್ಥಾಪಿತವಾಯಿತು. ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದ ಈ ಜಾಲವು ದೂರದ ದೇಶಗಳಲ್ಲಿ ನೆಲದಡಿ ನಡೆದ ಅಣುಸ್ಫೋಟಗಳ ಕಂಪನವನ್ನೂ ಗುರುತಿಸಬಲ್ಲುದಾಗಿತ್ತು. ಗದ್ದಲದ ನೆಲದಲ್ಲಿ ಇಂಥ ಕೆಲಸ ನಡೆಯುವಂತಿಲ್ಲ. ಅದೇ ಗೌರಿಬಿದನೂರಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಮಾನಾಥ ಕೌಶಿಕ್ ಮತ್ತು ಅವರ ಸಂಗಡಿಗರು ನೆಲದಿಂದ ಸುಮಾರು 25 ಮೀಟರ್ ಆಳದಲ್ಲಿ ಗುರುತ್ವದ ಪ್ರಯೋಗಶಾಲೆಯನ್ನು ಮಾಡಿಕೊಂಡರು. ಸೂಕ್ಷ್ಮವಾದ ಎಳೆಯೊಂದರಿಂದ ತೂಗುಬಿಟ್ಟ ತಕ್ಕಡಿಯು ಎಷ್ಟು ತಿರುಚಿಕೊಳ್ಳುತ್ತದೆಂದು ಅಳೆಯುವುದು ಅವರ ಕೆಲಸವಾಗಿತ್ತು. 1986ರಲ್ಲಿ ಅಮೆರಿಕದ ಎಫ್ರೇಮ್ ಫಿಶ್‌ಬಾಕ್ ಮುಂತಾದವರು, ಪ್ರಕೃತಿಯಲ್ಲಿ ನಾವು ತಿಳಿದಿರುವ ನಾಲ್ಕು ಬಲಗಳಲ್ಲದೆ ಐದನೆಯ ಬಲವೊಂದು ಇರಬಹುದೆಂದು ಸೂಚಿಸಿದ್ದರು. ಜಗತ್ತಿನ ಅನೇಕ ಪ್ರಯೋಗಶಾಲೆಗಳು ಅದನ್ನು ಹುಡುಕತೊಡಗಿದವು. ಗೌರಿಬಿದನೂರಿನ ತಕ್ಕಡಿಯು 1988 ಮತ್ತು 1990ರಲ್ಲಿ ಪ್ರಕಟವಾದ ಫಲಿತಾಂಶಗಳಲ್ಲಿ, ತನ್ನ ಅಳತೆಯ ಎಟುಕಿನಲ್ಲಿ ಅಂಥ ಬಲದ ಸುಳಿವಿಲ್ಲವೆಂದು ಹೇಳಿತು. ಇಲ್ಲವೆಂದು ಧೈರ್ಯದಿಂದ ಹೇಳಬೇಕಾದರೆ ತಕ್ಕಡಿಯು ಅಲುಗದೆ ನಿಂತಿದ್ದಿತೆಂಬ ಭರವಸೆ ಬೇಕು. ಆ ಭರವಸೆಗೆ ಆಧಾರವಾದದ್ದು ಗೌರಿಬಿದನೂರಿನ ಬಂಡೆ.

ಆದರೆ ಎಲ್ಲರೂ ನೆಲದಡಿಗೆ ಇಳಿಯಲಾರರು. ರೋಗಾಣುವಿನ ರಚನೆಯನ್ನು ಅಭ್ಯಸಿಸುವವರು ಆಸ್ಪತ್ರೆಗೂ ವಿಶ್ವವಿದ್ಯಾಲಯಕ್ಕೂ ಸಮೀಪದಲ್ಲಿ ಇರಬೇಕಾಗುತ್ತದೆ. ವಿದ್ಯುನ್ಮಾನದ ಬಿಲ್ಲೆಗಳನ್ನು ತಯಾರಿಸುವವರಿಗೆ ನೀರು, ವಿದ್ಯುತ್ತು, ರಸ್ತೆ, ಕೆಲಸಗಾರರು ಎಲ್ಲವೂ ಬೇಕು. ಇಂಥವರಿಗಾಗಿ ಬೆಳೆದುಬಂದುದೇ ಎರಡನೆಯ ದಾರಿ. ಇದನ್ನು ಸಕ್ರಿಯ ಕಂಪನ ನಿಯಂತ್ರಣವೆಂದು ಕರೆಯಬಹುದು. ಹೆಸರು ಕಠಿನವಾದರೂ ವಿಷಯವು ನಮಗೆ ಹೊಸದಲ್ಲ.

ಮಳೆಗಾಲದಲ್ಲಿ ಹಳ್ಳವನ್ನು ದಾಟಲು ಹಾಕಿದ ಕಾಲುಸಂಕದ ಮೇಲೆ ಪುಸ್ತಕದ ಚೀಲ ಹೊತ್ತು ನಡೆಯುವ ಬಾಲಕನನ್ನು ನೆನೆಯಿರಿ. ಮರದ ದಿಮ್ಮಿ ಕಾಲಡಿಯಲ್ಲಿ ತೂಗುತ್ತದೆ. ಮೈ ಎಡಕ್ಕೆ ವಾಲಿತೆಂಬುದನ್ನು ಅವನ ಕಣ್ಣೂ ಕಿವಿಯೊಳಗಿನ ಸಮತೋಲದ ಇಂದ್ರಿಯವೂ ಒಡನೆಯೇ ತಿಳಿಸುತ್ತವೆ, ಎಷ್ಟು ತಿದ್ದಬೇಕೆಂದು ಮಿದುಳು ನಿಶ್ಚಯಿಸುತ್ತದೆ, ಬಲಗೈ ಚಾಚಿಕೊಳ್ಳುತ್ತದೆ. ಅರಿಯುವುದು, ನಿಶ್ಚಯಿಸುವುದು, ಎದುರಾಗಿ ತಳ್ಳುವುದು ಎಂಬ ಈ ಮೂರು ಕ್ರಿಯೆಗಳು ಕ್ಷಣಕ್ಷಣವೂ ನಡೆಯುತ್ತವೆ. ಎದುರಿನಿಂದ ಇನ್ನೊಬ್ಬರು ಸಂಕದ ಮೇಲೆ ಕಾಲಿಡುವುದನ್ನು ಕಂಡರೆ, ಅಲುಗಾಟ ತನ್ನನ್ನು ಮುಟ್ಟುವ ಮುನ್ನವೇ ಅವನು ಮೈಯನ್ನು ಬಿಗಿಹಿಡಿದುಕೊಳ್ಳುತ್ತಾನೆ. ಸಕ್ರಿಯ ನಿಯಂತ್ರಣದಲ್ಲಿಯೂ ಇರುವುದು ಇದೇ ಕ್ರಮ. ವೇದಿಕೆಯ ಅಲುಗಾಟವನ್ನು ಸಂವೇದಕವು ಅರಿಯುತ್ತದೆ. ಗಣಕವು ಲೆಕ್ಕ ಹಾಕುತ್ತದೆ. ವಿದ್ಯುತ್ತಿನಿಂದ ಹಿಗ್ಗಿ ಕುಗ್ಗುವ ಹರಳುಗಳು ಅಥವಾ ಧ್ವನಿವರ್ಧಕದೊಳಗೆ ಇರುವಂಥ ಸುರುಳಿ ಮತ್ತು ಅಯಸ್ಕಾಂತಗಳು ವೇದಿಕೆಯನ್ನು ಎದುರು ದಿಕ್ಕಿಗೆ ಅಷ್ಟೇ ತಳ್ಳುತ್ತವೆ. ಒತ್ತಡಕ್ಕೂ ವಿದ್ಯುತ್ತಿಗೂ ಇರುವ ಸಂಬಂಧವನ್ನು ಹರಳುಗಳಲ್ಲಿ ಕ್ಯೂರಿ ಸೋದರರು ತೋರಿಸಿಕೊಟ್ಟದ್ದು 1880ರಲ್ಲಿ. ಅಂದು ಕೇವಲ ಕುತೂಹಲವೆನಿಸಿದ್ದ ಆ ಗುಣವು ಇಂದು ಪರಮಾಣುವಿನ ಅಳತೆಯಲ್ಲಿ ಯಂತ್ರಗಳನ್ನು ನಡೆಸುತ್ತಿದೆ.

ಈ ವಿದ್ಯೆಯು ಮುಟ್ಟಿರುವ ಎತ್ತರವನ್ನು ಕಾಣಬೇಕಾದರೆ ಗುರುತ್ವ ತರಂಗಗಳನ್ನು ಹಿಡಿದ ಅಮೆರಿಕದ ಲೈಗೋ ವೀಕ್ಷಣಾಲಯವನ್ನು ನೋಡಬೇಕು. ಅಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಎರಡು ಬಾಹುಗಳ ತುದಿಯಲ್ಲಿ 40 ಕಿಲೋಗ್ರಾಂ ತೂಕದ ಕನ್ನಡಿಗಳಿವೆ. ಪ್ರತಿ ಕನ್ನಡಿಯನ್ನೂ ಅರ್ಧ ಮಿಲಿಮೀಟರಿಗಿಂತ ತೆಳುವಾದ ಗಾಜಿನ ಎಳೆಗಳಿಂದ, ನಾಲ್ಕು ಹಂತದ ಲೋಲಕದ ತುದಿಯಲ್ಲಿ ತೂಗುಬಿಟ್ಟಿದ್ದಾರೆ. ಒಂದು ಹಂತವು ನಡುಕವನ್ನು ನೂರರಲ್ಲೊಂದು ಪಾಲಿಗೆ ಇಳಿಸಿದರೆ ನಾಲ್ಕು ಹಂತಗಳು ಹತ್ತು ಕೋಟಿಯಲ್ಲೊಂದು ಪಾಲಿಗೆ ಇಳಿಸುತ್ತವೆಂಬುದು ಇದರ ಲೆಕ್ಕ. ಲೋಲಕವು ತಡೆಯಲಾಗದ ನಿಧಾನದ ನಡುಕಕ್ಕಾಗಿ ಇಡೀ ಲೋಲಕವನ್ನೇ ಸಂವೇದಕಗಳೂ ಚಾಲಕಗಳೂ ಉಳ್ಳ ಸಕ್ರಿಯ ವೇದಿಕೆಯಿಂದ ತೂಗುಹಾಕಿದ್ದಾರೆ; ನೆಲದಲ್ಲಿರುವ ಭೂಕಂಪಮಾಪಕಗಳು ಬರಲಿರುವ ನಡುಕವನ್ನು ಆ ವೇದಿಕೆಗೆ ಮುಂಚಿತವಾಗಿ ತಿಳಿಸುತ್ತವೆ. 2015ರ ಸೆಪ್ಟೆಂಬರ್ 14ರಂದು, ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ ಎರಡು ಕಪ್ಪುಕುಳಿಗಳು ಒಂದಾದಾಗ ಹೊಮ್ಮಿದ ತರಂಗವು ಈ ಕನ್ನಡಿಗಳ ಅಂತರವನ್ನು ಪ್ರೋಟಾನಿನ ವ್ಯಾಸದ ನೂರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಬದಲಿಸಿತು. ಯಂತ್ರವು ಅದನ್ನು ಗುರುತಿಸಿತು.

ಈ ಘಟನೆಗೂ ಕನ್ನಡ ನಾಡಿಗೂ ಹತ್ತಿರದ ನಂಟುಂಟು. ಕದಡಿದ ಕಪ್ಪುಕುಳಿಯು ಬಡಿದ ಗಂಟೆಯಂತೆ ನಿಯತವಾದ ಕಂಪನದಿಂದ ಮಿಡಿದು ಶಾಂತವಾಗುತ್ತದೆಂದು 1970ರಷ್ಟು ಹಿಂದೆಯೇ ಗಣಿತದಿಂದ ತೋರಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ. ಮುಂದೆ ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. 2016ರ ಫೆಬ್ರವರಿಯಲ್ಲಿ ಈ ಶೋಧನೆಯು ಪ್ರಕಟವಾದಾಗ ಅದನ್ನು ಕಾಣಲು ಅವರು ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. ಒಬ್ಬ ಕನ್ನಡಿಗನು ಕಾಗದದ ಮೇಲೆ ಕಂಡ ಕಂಪನವನ್ನು ಜಗತ್ತು ಕಿವಿಗೊಟ್ಟು ಕೇಳಲು ನಾಲ್ವತ್ತೈದು ವರ್ಷ ಹಿಡಿಯಿತು. ನಡುವಿನ ಆ ವರ್ಷಗಳಲ್ಲಿ ಕನ್ನಡಿಗಳು, ಬೆಳಕು, ನಿರ್ವಾತ ಎಲ್ಲವೂ ಸುಧಾರಿಸಬೇಕಾಯಿತು. ಅವುಗಳ ಜೊತೆಗೆ ನೆಲದ ಗದ್ದಲವನ್ನು ಅಡಗಿಸುವ ವಿದ್ಯೆಯೂ ಪಳಗಬೇಕಾಯಿತು. ಇಂಥದೇ ವೀಕ್ಷಣಾಲಯವನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದ ಬಳಿ ಕಟ್ಟಲು ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಬೇಕಾಗುವ ಕೈಗಳಲ್ಲಿ ನಮ್ಮ ಮಕ್ಕಳ ಕೈಗಳೂ ಇರಬೇಡವೇ?

ನೆಲವೇ ಇಲ್ಲದ ಆಕಾಶದಲ್ಲಿಯೂ ಈ ಸಮಸ್ಯೆ ಬಿಡುವುದಿಲ್ಲ. ಉಪಗ್ರಹವನ್ನು ಬೇಕಾದ ದಿಕ್ಕಿಗೆ ತಿರುಗಿಸುವ ಚಕ್ರಗಳು ಒಳಗೇ ಸುತ್ತುತ್ತಾ ಅದನ್ನು ನಡುಗಿಸುತ್ತವೆ. 2019ರ ನವೆಂಬರ್ 27ರಂದು ಉಡಾಯಿಸಲಾದ ಕಾರ್ಟೋಸ್ಯಾಟ್-3 ಉಪಗ್ರಹವು ಸುಮಾರು 500 ಕಿಲೋಮೀಟರ್ ಎತ್ತರದಿಂದ ನೆಲದ ಮೇಲಿನ 25 ಸೆಂಟಿಮೀಟರಿನ ವಿವರವನ್ನು ಕಾಣುವಂತೆ ರೂಪಿತವಾಗಿದೆ. ಒಂದು ಕಿಲೋಮೀಟರ್ ಉದ್ದದ ಕೋಲಿನ ತುದಿಯು ಅರ್ಧ ಮಿಲಿಮೀಟರಿನಷ್ಟು ಅಲುಗಿದರೆ ಎಷ್ಟು ಕೋನವಾಗುವುದೋ ಅಷ್ಟು ಅಲುಗಿದರೂ ಅದರ ದೃಷ್ಟಿ ಒಂದು ಚುಕ್ಕೆಯಷ್ಟು ತಪ್ಪಿಹೋಗುತ್ತದೆ. ಇಂಥ ನಡುಕವನ್ನು ತಡೆಯಲು ಆರು ಕಾಲುಗಳ ಮೇಲೆ ನಿಂತು ಎಲ್ಲ ದಿಕ್ಕುಗಳಿಗೂ ಚಲಿಸಬಲ್ಲ ಆಸರೆಯೊಂದರ ವಿನ್ಯಾಸವನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಶಿತವ ಘೋಸಾಲ್ ಮತ್ತು ಅವರ ಸಹೋದ್ಯೋಗಿಗಳು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದ್ದಾರೆ. ನಮ್ಮಲ್ಲಿ ಈ ವಿದ್ಯೆಯ ಬೀಜ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಬೀಜವಿದೆ, ಬಿತ್ತನೆಯ ವಿಸ್ತಾರ ಸಾಲದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ಅವಶ್ಯ. ಸಕ್ರಿಯ ನಿಯಂತ್ರಣವು ಮಂತ್ರದಂಡವಲ್ಲ. ಸಂವೇದಕವು ಅರಿಯಲಾಗದ ನಡುಕವನ್ನು ಅದು ತಿದ್ದಲಾರದು. ನಿಧಾನದ ಚಲನೆಯಲ್ಲಿ, ವೇದಿಕೆಯು ಪಕ್ಕಕ್ಕೆ ಸರಿಯಿತೋ ಓರೆಯಾಯಿತೋ ಎಂಬುದನ್ನು ಸಾಮಾನ್ಯ ಭೂಕಂಪಮಾಪಕವು ಬೇರ್ಪಡಿಸಿ ಹೇಳಲಾರದು. ಸಂಕದ ಮೇಲಿನ ಬಾಲಕನು ತಡವಾಗಿ ಅಥವಾ ಅತಿಯಾಗಿ ತಿದ್ದಿಕೊಂಡರೆ ಆ ತಿದ್ದುಪಡಿಯೇ ಅವನನ್ನು ಬೀಳಿಸುವಂತೆ, ಹದ ತಪ್ಪಿದ ನಿಯಂತ್ರಣವು ಕಂಪನವನ್ನು ತಾನೇ ಹುಟ್ಟಿಸುತ್ತದೆ. ನೀರು ತುಂಬಿದ ಚರ್ಮದ ಚೀಲವನ್ನು ಒಂದೆಡೆ ಅದುಮಿದರೆ ಇನ್ನೊಂದೆಡೆ ಉಬ್ಬುವ ಹಾಗೆ, ಒಂದು ವೇಗದ ನಡುಕವನ್ನು ಅಡಗಿಸಿದಾಗ ಬೇರೊಂದು ವೇಗದ್ದು ಸ್ವಲ್ಪ ಹೆಚ್ಚುವುದೂ ಉಂಟು. ಆದುದರಿಂದ ತಕ್ಕ ಸ್ಥಳ, ಗಟ್ಟಿಯಾದ ಅಡಿಪಾಯ, ಸ್ಪ್ರಿಂಗು ಮತ್ತು ಲೋಲಕಗಳ ಆಸರೆ, ಕೊನೆಯಲ್ಲಿ ಸಕ್ರಿಯ ನಿಯಂತ್ರಣ ಎಂಬ ಅನುಕ್ರಮವನ್ನು ಬಿಡಬಾರದು. ಮೊದಲಿನ ಮೂರನ್ನು ಕಡೆಗಣಿಸಿ ಕೊನೆಯದರಿಂದ ಎಲ್ಲವನ್ನೂ ಸರಿಪಡಿಸುತ್ತೇವೆಂಬುದು ತಳಪಾಯವಿಲ್ಲದ ಮನೆಗೆ ಬಣ್ಣ ಬಳಿದಂತೆ.

ಈ ಅನುಕ್ರಮವನ್ನು ನಾವು ಪಾಲಿಸುತ್ತಿದ್ದೇವೆಯೇ? 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸ್ಥಾಪಿತವಾದಾಗ ಅದರ ಸ್ಥಳವು ಬೆಂಗಳೂರಿನ ಹೊರವಲಯವಾಗಿತ್ತು. ಇಂದು ಊರು ಅದನ್ನು ಸುತ್ತುವರಿದು ಬಹುದೂರ ಹಬ್ಬಿದೆ. ಯಶವಂತಪುರದ ಹಾದಿಯಲ್ಲಿ 2014ರಿಂದ ಮೆಟ್ರೋ ರೈಲು ಓಡುತ್ತಿದೆ. ಆ ಸಂಸ್ಥೆಯಲ್ಲಿ 2010ರಲ್ಲಿ ಆರಂಭವಾದ ನ್ಯಾನೋ ವಿಜ್ಞಾನದ ಕೇಂದ್ರದಲ್ಲಿಯೂ, ಬಳ್ಳಾರಿ ರಸ್ತೆಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆವರಣದಲ್ಲಿಯೂ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ನಿಶ್ಚಲತೆಯನ್ನು ಬೇಡುವ ಅಮೂಲ್ಯವಾದ ಇಲೆಕ್ಟ್ರಾನ್ ಯಂತ್ರಗಳಿವೆ. ಊರು ಬೆಳೆಯಬಾರದೆಂದು ಯಾರೂ ಹೇಳಲಾರರು. ಜನರಿಗೆ ರೈಲೂ ಬೇಕು, ಸೇತುವೆಯೂ ಬೇಕು. ಆದರೆ ರೈಲಿನ ಹಳಿಯನ್ನು ರಬ್ಬರು ಅಥವಾ ಸ್ಪ್ರಿಂಗುಗಳ ಮೇಲೆ ತೇಲುವ ಕಾಂಕ್ರೀಟ್ ಹಾಸಿನ ಮೇಲಿಟ್ಟು ಕಂಪನವನ್ನು ಹುಟ್ಟಿದಲ್ಲಿಯೇ ತಗ್ಗಿಸುವ ಪದ್ಧತಿ ಜಗತ್ತಿನ ಅನೇಕ ನಗರಗಳಲ್ಲಿ ರೂಢಿಯಲ್ಲಿದೆ. ಅದನ್ನು ಹಳಿ ಹಾಕುವ ಮೊದಲು ಮಾಡುವುದು ಸುಲಭ; ಆಮೇಲೆ ಮಾಡುವುದು ದುಸ್ಸಾಧ್ಯ. ನೀರಿನ ಕೊಳವೆ, ವಿದ್ಯುತ್ ತಂತಿ ಎಲ್ಲಿವೆಯೆಂದು ವಿಚಾರಿಸಿ ರಸ್ತೆ ಅಗೆಯುವಂತೆ, ಸೂಕ್ಷ್ಮ ಯಂತ್ರಗಳು ಎಲ್ಲಿವೆಯೆಂದು ವಿಚಾರಿಸಿ, ನೆಲದ ಕಂಪನವನ್ನು ಅಳೆದು ಮಾರ್ಗವನ್ನು ಯೋಜಿಸುವುದು ಕಡ್ಡಾಯವಾಗಬೇಕು.

ಬಡತನವಿನ್ನೂ ತೀರದ ದೇಶಕ್ಕೆ ಪರಮಾಣುವಿನ ಅಳತೆಯ ಈ ಚಿಂತೆ ಏಕೆಂದು ಕೆಲವರು ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಇಂದಿನ ಔಷಧಿಯ ಶೋಧನೆಯಲ್ಲಿ ರೋಗಾಣುವಿನ ಆಕೃತಿಯನ್ನು ಕಾಣುವುದು ಮುಖ್ಯ ಹೆಜ್ಜೆಯಾಗಿದೆ. ಬೆಳೆಯ ಸ್ಥಿತಿಯನ್ನೂ ನೆರೆಯ ಹಾನಿಯನ್ನೂ ಅಂದಾಜು ಮಾಡಲು ಉಪಗ್ರಹದ ಚಿತ್ರಗಳು ಬೇಕಾಗಿವೆ. ರೈತನ ಕೈಯಲ್ಲಿರುವ ಮೊಬೈಲು ಫೋನಿನ ಬಿಲ್ಲೆಯು ಕಂಪನವನ್ನು ಗೆದ್ದ ಯಂತ್ರದಲ್ಲಿಯೇ ತಯಾರಾದದ್ದು. ಸೂಕ್ಷ್ಮವಾದುದರ ಫಲವು ಬಡವನ ಮನೆಯನ್ನೂ ಮುಟ್ಟುತ್ತಿರುವಾಗ ಅದರ ವಿದ್ಯೆ ಮಾತ್ರ ಪರರ ಕೈಯಲ್ಲಿರಲಿ ಎನ್ನುವುದು ಜಾಣತನವಲ್ಲ.

ಇನ್ನು ಕೆಲವರು, ಕಂಪನವನ್ನು ತಡೆಯುವ ಮೇಜುಗಳೂ ಸಿದ್ಧವಾಗಿ ಮಾರಾಟಕ್ಕಿರುವಾಗ ಅವನ್ನು ಕೊಂಡರಾಯಿತಲ್ಲ ಎನ್ನಬಹುದು. ಕೊಳ್ಳೋಣ. ಆದರೆ ಮೇಜು ಪರದೇಶದ್ದಾದರೂ ಅದರ ಕೆಳಗಿನ ನೆಲ ನಮ್ಮದು. ಒಂದೊಂದು ಕಟ್ಟಡಕ್ಕೂ ಅದರದೇ ನಡುಕವುಂಟು. ಅದು ಹಗಲಿಗೊಂದು, ರಾತ್ರಿಗೊಂದು, ಬೇಸಗೆಗೊಂದು, ಮಳೆಗಾಲಕ್ಕೊಂದು ಬಗೆಯಾಗಿರುತ್ತದೆ. ಅದನ್ನು ಅಳೆದು, ಅರ್ಥಮಾಡಿಕೊಂಡು, ನಿಯಂತ್ರಣವನ್ನು ಆ ನೆಲಕ್ಕೆ ತಕ್ಕಂತೆ ಹದಗೊಳಿಸುವವನು ಹತ್ತಿರದಲ್ಲಿ ಇರದಿದ್ದರೆ ಮೇಜು ಕೇವಲ ಮೇಜಾಗಿಯೇ ಉಳಿಯುತ್ತದೆ. ವೈದ್ಯನಿಲ್ಲದ ಊರಿಗೆ ಔಷಧಿಯ ಪೆಟ್ಟಿಗೆಯನ್ನು ಮಾತ್ರ ತರಿಸಿದಂತೆ ಆಗುತ್ತದೆ.

ಆದುದರಿಂದ ಮೂರು ಕಾರ್ಯಗಳು ತುರ್ತಾಗಿ ನಡೆಯಬೇಕೆಂದು ನನ್ನ ಅಭಿಪ್ರಾಯ. ಮೊದಲನೆಯದಾಗಿ, ಸೂಕ್ಷ್ಮ ಯಂತ್ರಗಳಿಗಾಗಿ ಕಟ್ಟಡ ಕಟ್ಟುವ ಮುನ್ನ ಆ ನೆಲದ ಕಂಪನವನ್ನು ಒಂದು ಪೂರ್ಣ ವರ್ಷ, ಎಲ್ಲ ಋತುಗಳಲ್ಲಿಯೂ ಅಳೆದು ದಾಖಲಿಸಬೇಕು. ಎರಡನೆಯದಾಗಿ, ಯಂತ್ರದ ಖರೀದಿಗೆ ಹಣ ಮಂಜೂರು ಮಾಡುವವರು ಅಡಿಪಾಯಕ್ಕೂ ಕಂಪನ ನಿಯಂತ್ರಣಕ್ಕೂ ಅದನ್ನು ನೋಡಿಕೊಳ್ಳುವವರ ಸಂಬಳಕ್ಕೂ ಪ್ರತ್ಯೇಕವಾದ ಪಾಲನ್ನು ಆರಂಭದಲ್ಲಿಯೇ ತೆಗೆದಿರಿಸಬೇಕು. ಮೂರನೆಯದಾಗಿ, ಈ ವಿದ್ಯೆಯನ್ನು ಬೆಂಗಳೂರಿನ ನಾಲ್ಕಾರು ಸಂಸ್ಥೆಗಳಿಂದ ಹೊರತಂದು ಜಿಲ್ಲೆಗಳಿಗೆ ಹಬ್ಬಿಸಬೇಕು. ಚಿಕ್ಕಮಗಳೂರು, ಶಿವಮೊಗ್ಗ, ಹಾಸನಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪನದ ಸಮೀಕರಣಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುವವರು ಅನೇಕರಿದ್ದಾರೆ. ಅವರ ಮುಂದೆ ಒಂದು ಅಲುಗುವ ಹಲಗೆ, ಒಂದು ಅಗ್ಗದ ಸಂವೇದಕ, ಒಂದು ಸುರುಳಿ, ಒಂದು ಚಿಕ್ಕ ಗಣಕವನ್ನು ಇಟ್ಟು, ಇದನ್ನು ನಿಲ್ಲಿಸಿ ತೋರಿಸಿರೆಂದು ಹೇಳಬೇಕು. ಇದಕ್ಕೆ ಕೋಟಿಗಳು ಬೇಕಿಲ್ಲ. ಒಬ್ಬ ಶ್ರದ್ಧಾವಂತ ಅಧ್ಯಾಪಕ ಬೇಕು.

ಪ್ರೌಢಶಾಲೆಯ ವಿದ್ಯಾರ್ಥಿಗಳು ತಮಗೆ ಇದು ಎಟುಕದೆಂದು ಭಾವಿಸಬೇಕಾಗಿಲ್ಲ. ಮನೆಯ ಹಿರಿಯರ ಮೊಬೈಲು ಫೋನಿನೊಳಗೆ ಅಲುಗಾಟವನ್ನು ಅಳೆಯುವ ಸಂವೇದಕವೊಂದು ಅಡಗಿದೆ; ಅದರ ಅಳತೆಯನ್ನು ಗೆರೆಯ ರೂಪದಲ್ಲಿ ತೋರಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಅದನ್ನು ಶಾಲೆಯ ಮೇಜಿನ ಮೇಲೆ, ಗಿರಣಿಯ ನೆಲದ ಮೇಲೆ, ಬಸ್ಸು ಹಾಯುವ ರಸ್ತೆಯ ಅಂಚಿನಲ್ಲಿ ಇಟ್ಟು ನೋಡಿರಿ. ಸಂಕವು ಸೆಕೆಂಡಿಗೆ ಎಷ್ಟು ಬಾರಿ ತೂಗುತ್ತದೆ? ಹಗುರವಾದವನು ನಡೆದಾಗಲೂ ಭಾರವಾದವನು ನಡೆದಾಗಲೂ ಆ ಎಣಿಕೆ ಒಂದೇ ಆಗಿರುತ್ತದೆಯೇ? ಫೋನಿನ ಅಡಿಗೆ ಮಡಚಿದ ಬಟ್ಟೆ, ಸ್ಪಂಜು, ಮರಳಿನ ಚೀಲಗಳನ್ನು ಒಂದೊಂದಾಗಿ ಇಟ್ಟಾಗ ಗೆರೆ ಹೇಗೆ ಬದಲಾಗುತ್ತದೆ? ಇಷ್ಟನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡ ವಿದ್ಯಾರ್ಥಿಯು ಈ ವಿದ್ಯೆಯ ಮೊದಲ ಪಾಠವನ್ನು ಕಲಿತಂತೆಯೇ ಸರಿ. ಅಧ್ಯಾಪಕರು ವರ್ಷದಲ್ಲಿ ಒಂದು ದಿನವನ್ನು ಇಂಥ ಅಳತೆಗಾಗಿ ಮೀಸಲಿಟ್ಟರೆ ಉಪಕಾರವಾದೀತು.

ಮಲೆನಾಡಿನ ಮಕ್ಕಳು ಅಲುಗುವ ಸಂಕದ ಮೇಲೆ ಅಲುಗದೆ ನಡೆಯುವುದನ್ನು ಯಾರೂ ಹೇಳಿಕೊಡದೆಯೇ ಕಲಿತವರು. ಆ ಹದವನ್ನು ಲೆಕ್ಕದಲ್ಲಿಯೂ ಲೋಹದಲ್ಲಿಯೂ ಮೂಡಿಸಬಲ್ಲವರು ಅವರಲ್ಲಿ ಕೆಲವರಾದರೂ ಆಗಲಿ. ನಾಳೆ ನಮ್ಮ ನಾಡಿಗೆ ಒಂದು ಹೊಸ ಯಂತ್ರ ಬಂದಾಗ, ಅದರ ಬೆಲೆ ಎಷ್ಟೆಂದು ಕೇಳುವುದಕ್ಕೆ ಮೊದಲು ಅದನ್ನು ಯಾವ ನೆಲದ ಮೇಲೆ ನಿಲ್ಲಿಸುತ್ತೀರಿ, ಆ ನೆಲವನ್ನು ಅಳೆದಿರಾ ಎಂದು ಕೇಳುವ ಪ್ರಜೆಗಳು ಹೆಚ್ಚಲಿ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಇಂಜಿನಿಯರುಗಳು ನಮ್ಮ ಊರುಗಳಿಂದಲೇ ಹೊರಬರಲಿ.